ಸಮುದ್ರದಂಡೆಯ ಫ್ಲ್ಯಾಟ್ ಅಲ್ಲಿ, ನಾವು ದಾವಣಗೆರೆಯಲ್ಲಿ: ‘ಇಲ್ಲಿಯ ಟ್ಯಾಕ್ಸ್ ರೆಸಿಡೆಂಟ್’ ಅಂತ ತೋರಿಸುವುದು ಹೇಗೆ?

ವಿದ್ಯಾನಗರ ವಾಸಿ · 2025 ಸೆಪ್ಟೆಂಬರ್ 20

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

2004ರಿಂದ 2017ರವರೆಗೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಲಸದಲ್ಲಿದ್ದೆ. ಆಮೇಲೆ ಗಂಟುಮೂಟೆ ಕಟ್ಟಿಕೊಂಡು ದಾವಣಗೆರೆಗೆ ಬಂದೆವು. ಅಲ್ಲಿದ್ದಾಗ ಸ್ಕಾರ್ಬರೋ ಎಂಬ ಸಮುದ್ರದಂಡೆ ಊರಿನಲ್ಲಿ ಚಿಕ್ಕ ಫ್ಲ್ಯಾಟ್ ತಗೊಂಡಿದ್ದೆವು. ಅದನ್ನು ಮಾರಲು ಮನಸ್ಸು ಬರಲಿಲ್ಲ. ಬಾಡಿಗೆಗೂ ಕೊಟ್ಟಿಲ್ಲ. ಇಲ್ಲಿ ಬಿಸಿಲು ತಲೆ ಸುಡುವಾಗ ನಾನು, ಮನೆಯವರು ಹೋಗಿ ಹತ್ತು ಹನ್ನೊಂದು ವಾರ ಇದ್ದು ಬರುತ್ತೇವೆ. ಉಳಿದಂತೆ ಬೀಗ.

ಈಗ ತಲೆನೋವು ಏನೆಂದರೆ, ಅಲ್ಲಿಯ ಒಂದು ಖಾಸಗಿ ಪಿಂಚಣಿ ಕಂಪನಿಯಿಂದ ತಿಂಗಳಿಗೆ ಸ್ವಲ್ಪ ದುಡ್ಡು ಬರುತ್ತದೆ. ಅದರಲ್ಲಿ ಅಲ್ಲಿಯ ತೆರಿಗೆ ಹಿಡಿಯುತ್ತಿದ್ದಾರೆ. ಇಲ್ಲೂ ನಾನು ಅದನ್ನು ಆದಾಯ ಅಂತ ತೋರಿಸುತ್ತೇನೆ. ‘ನಾನು ಭಾರತದ ರೆಸಿಡೆಂಟ್, ಹಿಡಿಯಬೇಡಿ’ ಅಂತ ಬರೆದೆ. ಪುರಾವೆ ಕೇಳಿದರು. ಆಧಾರ್, ಪ್ಯಾನ್, ಬೆಸ್ಕಾಂ ಬಿಲ್ಲು, ಮನೆ ಖಾತೆ ಎಲ್ಲ ಕಳಿಸಿದೆ. ಒಂದನ್ನೂ ಒಪ್ಪಲಿಲ್ಲ. ಮೇಲಿಂದ ‘ನಿಮ್ಮ ಹೆಸರಲ್ಲಿ ಇಲ್ಲೇ ಮನೆ ಇದೆಯಲ್ಲ’ ಅಂತ ಒಂದು ಸಾಲು ಬೇರೆ.

ಪಕ್ಕದ ಮನೆಯವರು ‘ಅಲ್ಲಿ ಮನೆ ಇದ್ದರೆ ಅಲ್ಲಿಯವರೇ ಆಗುತ್ತೀರಿ’ ಎಂದು ಹೆದರಿಸಿದ್ದಾರೆ. ಹೌದಾ? ಯಾವ ಕಾಗದ ಬೇಕು? ಯಾರು ಕೊಡುತ್ತಾರೆ?

ಮಂಡಕ್ಕಿ ಮಾಸ್ತರ್ · ಸೆಪ್ಟೆಂಬರ್ 20

ಸಾರ್, ವರ್ಷಕ್ಕೆ ಹತ್ತು ವಾರ ಇರೋಕೆ ಸಮುದ್ರದ ಮುಂದೆ ಮನೆ! ನಮಗೆ ಕುಂದವಾಡ ಕೆರೆ ಏರಿಯೇ ಸ್ಕಾರ್ಬರೋ. ಉತ್ತರ ಗೊತ್ತಿಲ್ಲ, ಕಾಯುತ್ತಾ ಕೂತಿರುತ್ತೇನೆ.

ಲೆಕ್ಕದಮ್ಮ · ಸೆಪ್ಟೆಂಬರ್ 20

ಇಲ್ಲೇ ಪಿ.ಬಿ. ರಸ್ತೆ ಹತ್ತಿರ ಒಬ್ಬ ಆಡಿಟರ್ ಬಳಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಪಕ್ಕದ ಮನೆಯವರ ಮಾತು ಬಿಡಿ. ಮನೆ ಎಲ್ಲಿದೆ ಎನ್ನುವುದರಿಂದ ನಮ್ಮ ಕಾನೂನು ಶುರುವಾಗುವುದೇ ಇಲ್ಲ. ಆದಾಯ ತೆರಿಗೆ ಕಾಯ್ದೆಯ 6ನೇ ಸೆಕ್ಷನ್ ಕೇಳುವುದು ದಿನಗಳನ್ನು. ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ 182 ದಿನ ಅಥವಾ ಜಾಸ್ತಿ ಇಲ್ಲಿ ಇದ್ದರೆ ರೆಸಿಡೆಂಟ್. ಇಲ್ಲವೇ ಆ ವರ್ಷ 60 ದಿನ ಇದ್ದು, ಹಿಂದಿನ 4 ವರ್ಷ ಸೇರಿ 365 ದಿನ ಇದ್ದರೂ ರೆಸಿಡೆಂಟ್. ಈ 60ರ ಲೆಕ್ಕಕ್ಕೆ ಹೊರದೇಶದಲ್ಲಿ ಇರುವವರಿಗೆ ಬೇರೆ ವಿನಾಯಿತಿಗಳಿವೆ, ನಿಮಗೆ ಅದು ಬೇಕಿಲ್ಲ. ನೀವು ಹೊರಗೆ ಇರುವುದೇ ಹತ್ತು ವಾರ.

ನೀವು ಕಳಿಸಿದ ಆಧಾರ್ ಬಗ್ಗೆ. ಎಷ್ಟೋ ಜನ ಇದೇ ತಪ್ಪು ಮಾಡುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವ ಎನ್‌ಆರ್‌ಐಗೂ ಈಗ ಬಂದ ಕೂಡಲೇ ಆಧಾರ್ ಸಿಗುತ್ತದೆ. ಪ್ಯಾನ್ ಅಂತೂ ಯಾವ ದೇಶದಲ್ಲಿ ಇದ್ದವರಿಗೂ ಸಿಗುತ್ತದೆ. ಅದರಿಂದ ರೆಸಿಡೆನ್ಸಿ ಸಾಬೀತಾಗಲ್ಲ. ಅವರು ಒಪ್ಪದೇ ಇದ್ದದ್ದು ಸರಿಯೇ.

ನಿಮಗೆ ಬೇಕಾಗಿರುವುದು ಟ್ಯಾಕ್ಸ್ ರೆಸಿಡೆನ್ಸಿ ಸರ್ಟಿಫಿಕೇಟ್. ಚಿಕ್ಕದಾಗಿ ಟಿಆರ್‌ಸಿ. ಫಾರಂ 10ಎಫ್‌ಎ ತುಂಬಿ ನಿಮ್ಮ ಅಸೆಸಿಂಗ್ ಆಫೀಸರ್‌ಗೆ ಕೊಡಬೇಕು. ಅವರು ನೋಡಿ ಒಪ್ಪಿದರೆ ಫಾರಂ 10ಎಫ್‌ಬಿಯಲ್ಲಿ ಸರ್ಟಿಫಿಕೇಟ್ ಕೊಡುತ್ತಾರೆ. ನಿಯಮ 21ಎಬಿ.

ವಿದ್ಯಾನಗರ ವಾಸಿ · ಸೆಪ್ಟೆಂಬರ್ 21

ಅಯ್ಯೋ. ಹೋದ ವರ್ಷ ಬೆಂಗಳೂರಿನ ಒಬ್ಬ ಸಲಹೆಗಾರರಿಗೆ ದುಡ್ಡು ಕೊಟ್ಟು ಮಾಡಿಸಿದ್ದೆ. ಅವರು ಆನ್‌ಲೈನ್‌ನಲ್ಲಿ ಏನೋ ಹಾಕಿ ‘ಫಾರಂ 10ಎಫ್’ ಅಂತ ಒಂದು ಪ್ರಿಂಟ್ ಕೊಟ್ಟಿದ್ದರು. ಅದನ್ನೂ ಅಲ್ಲಿಗೆ ಕಳಿಸಿದ್ದೆ!

ಲೆಕ್ಕದಮ್ಮ · ಸೆಪ್ಟೆಂಬರ್ 21

ಅದು ಉಲ್ಟಾ ಕಾಗದ. 10ಎಫ್ ಇರುವುದು ಬೇರೆ ದೇಶದ ರೆಸಿಡೆಂಟ್ ಇಲ್ಲಿ ಒಪ್ಪಂದದ (ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಬೀಳದಂತೆ ದೇಶಗಳು ಮಾಡಿಕೊಂಡದ್ದು) ಲಾಭ ಕೇಳುವುದಕ್ಕೆ. ಅಂದರೆ ‘ನಾನು ಭಾರತದವನಲ್ಲ’ ಎನ್ನುವವರ ಫಾರಂ. ನೀವು ಅದನ್ನು ಕಳಿಸಿ ‘ನಾನು ಭಾರತದವನು’ ಅಂದಿದ್ದೀರಿ. ಒಂದು ‘ಎ’ ಅಕ್ಷರ ಎಷ್ಟು ಕೆಲಸ ಕೆಡಿಸುತ್ತದೆ ನೋಡಿ. ಆ ಹಳೇ 10ಎಫ್ ತಪ್ಪಾಗಿ ಹೋಗಿದೆ ಎಂದು ಪಿಂಚಣಿ ಕಂಪನಿಗೆ ಈಗಲೇ ಒಂದು ಮೇಲ್ ಹಾಕಿ. ಆಮೇಲೆ ನಿಮ್ಮದೇ ಕಾಗದ ನಿಮಗೆ ಎದುರು ನಿಲ್ಲಬಾರದು.

ಹೊಳೆದಂಡೆ · ಸೆಪ್ಟೆಂಬರ್ 21

ನಾನು ಹರಿಹರದವನು. ಮಗಳು ಮ್ಯಾಂಚೆಸ್ಟರ್‌ನಲ್ಲಿದ್ದಾಳೆ. ಹಾಗಾಗಿ ಬ್ರಿಟನ್ ಕಡೆಯ ಲೆಕ್ಕ ನಾನು ಒಮ್ಮೆ ಕೂತು ಓದಿದ್ದೆ. ಅದು ನಮ್ಮದಕ್ಕಿಂತ ವಿಚಿತ್ರ.

ಅಲ್ಲಿ 2013ರ ಏಪ್ರಿಲ್ 6ರಿಂದ ಒಂದು ಶಾಸನಬದ್ಧ ಪರೀಕ್ಷೆ ಇದೆ. 183 ದಿನ ಅಥವಾ ಜಾಸ್ತಿ ಇದ್ದರೆ ನೇರ ರೆಸಿಡೆಂಟ್. ಹಿಂದಿನ 3 ವರ್ಷ ಅಲ್ಲಿಯ ರೆಸಿಡೆಂಟ್ ಆಗಿರದವರು 46 ದಿನಕ್ಕಿಂತ ಕಡಿಮೆ ಇದ್ದರೆ ನೇರ ನಾನ್-ರೆಸಿಡೆಂಟ್. ನಡುವೆ ಬಿದ್ದವರಿಗೆ ‘ಟೈ’ ಲೆಕ್ಕ. ಟೈ ಅಂದರೆ ನಂಟು. ಹೆಂಡತಿಯೋ ಗಂಡನೋ ಚಿಕ್ಕ ಮಕ್ಕಳೋ ಅಲ್ಲಿಯ ರೆಸಿಡೆಂಟ್ ಆಗಿದ್ದರೆ ಒಂದು. ಇರಲು ಜಾಗ ಇದ್ದರೆ ಒಂದು. ಕೆಲಸ ಮಾಡಿದರೆ ಒಂದು. ಹಿಂದಿನ ಎರಡು ವರ್ಷದಲ್ಲಿ ಯಾವುದಾದರೂ ಒಂದರಲ್ಲಿ 90 ದಿನ ಮೀರಿ ಇದ್ದಿದ್ದರೆ ಇನ್ನೊಂದು.

46ರಿಂದ 90 ದಿನ ಇರುವವರಿಗೆ ಈ ನಾಲ್ಕೂ ನಂಟು ಇದ್ದರೆ ಮಾತ್ರ ರೆಸಿಡೆಂಟ್. 91ರಿಂದ 120 ಆದರೆ ಮೂರು ಸಾಕು. 120 ದಾಟಿದರೆ ಎರಡೇ ಸಾಕು.

ಈಗ ಮಜಾ ಕೇಳಿ. ರಜೆಗೆ ಮಾತ್ರ ಹೋಗುವ ಮನೆಯನ್ನು ಒಂದು ಕಡೆ ‘ಮನೆ’ ಎಂದೇ ಎಣಿಸುವುದಿಲ್ಲ ಅನ್ನುತ್ತದೆ ಕಾನೂನು. ‘ನಿಮ್ಮ ಏಕೈಕ ಮನೆ ಇಲ್ಲಿದೆಯಾ’ ಎಂಬ ಪರೀಕ್ಷೆ ಒಂದಿದೆ, ಅದರಲ್ಲಿ ನಿಮ್ಮ ಸ್ಕಾರ್ಬರೋ ಫ್ಲ್ಯಾಟ್ ಲೆಕ್ಕಕ್ಕೇ ಇಲ್ಲ. ಆದರೆ ನಂಟಿನ ಲೆಕ್ಕಕ್ಕೆ ಬಂದಾಗ ಅದೇ ಫ್ಲ್ಯಾಟ್ ‘ಇರಲು ಜಾಗ’ ಆಗಿಬಿಡುತ್ತದೆ. ವರ್ಷದಲ್ಲಿ 91 ದಿನ ಸತತವಾಗಿ ನಿಮಗೆ ಸಿಗುವಂತಿದ್ದು, ಒಂದು ರಾತ್ರಿ ಮಲಗಿದ್ದರೂ ಸಾಕು. ಅಂದರೆ ಅದೇ ಗೋಡೆ, ಅದೇ ಬಾಗಿಲು. ಒಂದು ಪುಟದಲ್ಲಿ ಮನೆಯಲ್ಲ, ಮುಂದಿನ ಪುಟದಲ್ಲಿ ಮನೆ.

ವಿದ್ಯಾನಗರ ವಾಸಿ · ಸೆಪ್ಟೆಂಬರ್ 21

ಹಾಗಾದರೆ ನನಗೆ ಒಂದೇ ನಂಟು. ಹೆಂಡತಿ ನನ್ನ ಜೊತೆ ಇಲ್ಲೇ. ಕೆಲಸ ಇಲ್ಲ. 90 ದಿನ ಯಾವತ್ತೂ ದಾಟಿಲ್ಲ.

ಈ ವರ್ಷ ಮೇ 10ರ ಬೆಳಿಗ್ಗೆ ಬೆಂಗಳೂರಿನಿಂದ ನೇರ ವಿಮಾನ, ಅದೇ ದಿನ ಲಂಡನ್. ಜುಲೈ 24ರ ರಾತ್ರಿ ಅಲ್ಲಿಂದ ಹೊರಟು 25ಕ್ಕೆ ಬೆಂಗಳೂರು.

ಹೊಳೆದಂಡೆ · ಸೆಪ್ಟೆಂಬರ್ 22

ಎಣಿಸಿದೆ. ಬ್ರಿಟನ್ ಲೆಕ್ಕದಲ್ಲಿ ಮಧ್ಯರಾತ್ರಿ ಎಲ್ಲಿದ್ದಿರಿ ಎನ್ನುವುದು ಮುಖ್ಯ. ಮೇ 10ರಿಂದ ಜುಲೈ 23ರವರೆಗೆ 75 ಮಧ್ಯರಾತ್ರಿ. ಭಾರತದ ಲೆಕ್ಕದಲ್ಲಿ ಬಂದ ದಿನ, ಹೋದ ದಿನ ಎರಡೂ ಇಲ್ಲಿಯವೇ ಅಂತ ಹಿಡಿದರೆ ನೀವು ಹೊರಗಿದ್ದದ್ದು ಮೇ 11ರಿಂದ ಜುಲೈ 24. ಅದೂ 75.

ಆದರೆ ಗಮನಿಸಿ. ಮೇ 10ನ್ನು ಎರಡು ದೇಶವೂ ನಮ್ಮದು ಅಂದವು. ಜುಲೈ 24 ಯಾರಿಗೂ ಬೇಡವಾಯಿತು. ಆ ರಾತ್ರಿ ನೀವು ಆಕಾಶದಲ್ಲಿದ್ದಿರಿ.

75 ದಿನ, ಒಂದು ನಂಟು. ನೀವು ಅಲ್ಲಿಯ ನಾನ್-ರೆಸಿಡೆಂಟ್. ಆದರೆ ಮೊಮ್ಮಗು ಹುಟ್ಟಿತು, ಕಾಲು ನೋವು ಅಂತ ಒಂದು ವರ್ಷ 100 ದಿನ ಇದ್ದರೆ ಮುಂದಿನ ಎರಡು ವರ್ಷಕ್ಕೆ ಎರಡನೇ ನಂಟು ಅಂಟಿಕೊಳ್ಳುತ್ತದೆ. ಆಗ 120ರ ಗೆರೆ ನಿಮಗೆ ನಿಜವಾದ ಗೆರೆ.

ಮಂಡಕ್ಕಿ ಮಾಸ್ತರ್ · ಸೆಪ್ಟೆಂಬರ್ 22

ಅದೇನು ಏಪ್ರಿಲ್ 6? ಯುಗಾದಿಯಾದರೂ ಒಂದು ಅರ್ಥ ಇದೆ.

ಹೊಳೆದಂಡೆ · ಸೆಪ್ಟೆಂಬರ್ 22

1752ರಲ್ಲಿ ಬ್ರಿಟನ್ ಕ್ಯಾಲೆಂಡರ್ ಬದಲಿಸಿದಾಗ 11 ದಿನ ಹಾರಿಸಿತು. ವರ್ಷದ ಲೆಕ್ಕ ಮಾರ್ಚ್ 25ಕ್ಕೆ ಮುಗಿಯುತ್ತಿತ್ತು, ಅದನ್ನು ಮುಂದಕ್ಕೆ ತಳ್ಳಿ ತಳ್ಳಿ ಅಲ್ಲಿಗೆ ಬಂದು ನಿಂತಿದೆ. ಇನ್ನೂರೈವತ್ತು ವರ್ಷ ಕಳೆದರೂ ಸರಿ ಮಾಡಿಲ್ಲ. ನಮ್ಮ ಸರ್ಕಾರಿ ಕಡತಗಳ ಮೇಲೆ ಸುಮ್ನೆ ಸಿಟ್ಟು ಮಾಡಿಕೊಳ್ಳುತ್ತೇವೆ ಅಲ್ವಾ!

ಕೋಟೆ ಕೆಳಗೆ · ಸೆಪ್ಟೆಂಬರ್ 24

ಚಿತ್ರದುರ್ಗದಿಂದ. ನನ್ನದು ದುಬೈ. ನನ್ನ ಹೆಸರು, ಮನೆಯವರ ಹೆಸರು ಸೇರಿಸಿ ಎರಡು ವರ್ಷದಲ್ಲಿ ಇಲ್ಲಿಂದ ದುಡ್ಡು ಕಳಿಸಿ ಫ್ಲ್ಯಾಟ್ ತಗೊಂಡೆವು. 20 ಲಕ್ಷ ದಿರ್ಹಂ ದಾಟಿದ್ದರಿಂದ ಗೋಲ್ಡನ್ ವೀಸಾ ಸಿಕ್ಕಿತು, 10 ವರ್ಷದ್ದು. ಕೈಯಲ್ಲಿ ಎಮಿರೇಟ್ಸ್ ಐಡಿ ಇದೆ. ಆರು ತಿಂಗಳಿಗೊಮ್ಮೆ ಹೋಗಿ ಹದಿನೈದು ದಿನ ಇದ್ದು ಬರುತ್ತೇವೆ, ಉಳಿದ ದಿನ ಬಾಡಿಗೆಗೆ ಬಿಟ್ಟಿದ್ದೇವೆ. ಬಾಡಿಗೆ ಅಲ್ಲಿಯ ಬ್ಯಾಂಕಿಗೆ ಬೀಳುತ್ತದೆ.

ಮನೆ ಮಾರಿದ ಏಜೆಂಟ್ ಹೇಳಿದ್ದು, ‘ಇನ್ನು ನೀವು ದುಬೈ ರೆಸಿಡೆಂಟ್, ಅಲ್ಲಿ ಟ್ಯಾಕ್ಸ್ ಇಲ್ಲ, ಇಲ್ಲೂ ಕಟ್ಟಬೇಕಿಲ್ಲ’ ಅಂತ. ಬ್ಯಾಂಕಿನ ಫಾರಂನಲ್ಲೂ ಟ್ಯಾಕ್ಸ್ ರೆಸಿಡೆನ್ಸಿ ಯುಎಇ ಅಂತಲೇ ಬರೆದೆ. ಸರಿ ತಾನೇ?

ಲೆಕ್ಕದಮ್ಮ · ಸೆಪ್ಟೆಂಬರ್ 24

ಸರಿ ಅಲ್ಲ. ಒಂದು ಚೂರೂ ಸರಿ ಅಲ್ಲ. ಕಟುವಾಗಿ ಹೇಳುತ್ತಿದ್ದೇನೆ, ಬೇಜಾರಾಗಬೇಡಿ. ಈಗ ಗೊತ್ತಾಗುವುದೇ ಒಳ್ಳೆಯದು.

ವೀಸಾ ಅಂದರೆ ಆ ದೇಶದಲ್ಲಿ ಇರಲು ಅನುಮತಿ. ಟ್ಯಾಕ್ಸ್ ರೆಸಿಡೆನ್ಸಿ ಅಂದರೆ ನೀವು ನಿಜವಾಗಿ ಎಲ್ಲಿ ಇದ್ದಿರಿ ಎನ್ನುವುದು. ನೀವು ವರ್ಷಕ್ಕೆ ಮೂವತ್ತು ದಿನ ಅಲ್ಲಿ, ಉಳಿದದ್ದೆಲ್ಲ ದುರ್ಗದಲ್ಲಿ. ಇಲ್ಲಿ 182 ದಾಟಿ ಎಷ್ಟೋ ಮುಂದೆ ಹೋಗಿದ್ದೀರಿ. ಯುಎಇಯವರೇ ನಿಮಗೆ ಅವರ ಟಿಆರ್‌ಸಿ ಕೊಡಲ್ಲ. 2023ರ ಮಾರ್ಚ್‌ನಿಂದ ಅವರಿಗೂ ದಿನದ ನಿಯಮ ಇದೆ. ಸಾಮಾನ್ಯವಾಗಿ 183 ದಿನ. ರೆಸಿಡೆನ್ಸ್ ಪರ್ಮಿಟ್ ಜೊತೆಗೆ ಅಲ್ಲಿ ಕಾಯಂ ಮನೆಯೋ ಕೆಲಸವೋ ಇದ್ದರೆ 90 ದಿನ. ಭಾರತದ ಜೊತೆಗಿನ ಒಪ್ಪಂದಕ್ಕಂತೂ 183 ದಿನವೇ.

ಅಲ್ಲಿಯ ಬಾಡಿಗೆಗೆ ಅಲ್ಲಿ ಟ್ಯಾಕ್ಸ್ ಇಲ್ಲ, ಆದ್ದರಿಂದ ಕಳೆಯಲು ಏನೂ ಇಲ್ಲ. ಪೂರ್ತಿ ಇಲ್ಲಿ ಕಟ್ಟಬೇಕು. ಮನೆ ಬಾಡಿಗೆಗೆ ಸಿಗುವ 30% ಕಡಿತ ನಿಮಗೂ ಸಿಗುತ್ತದೆ, ಅಷ್ಟೇ ಸಮಾಧಾನ.

ಇನ್ನೊಂದು. ಎರಡೂ ದೇಶ ‘ಇವನು ನನ್ನವನು’ ಅಂತ ಎಳೆದಾಗ ಮಾತ್ರ ಒಪ್ಪಂದದ ಟೈ-ಬ್ರೇಕರ್ ಬರುತ್ತದೆ. ಕಾಯಂ ಮನೆ ಎಲ್ಲಿ, ಸಂಸಾರ ವ್ಯವಹಾರ ಎಲ್ಲಿ, ರೂಢಿಯ ವಾಸ ಎಲ್ಲಿ, ಆಮೇಲೆ ಪೌರತ್ವ. ಬಾಡಿಗೆಗೆ ಕೊಟ್ಟ ಮನೆ ಅಲ್ಲಿ ‘ನಿಮಗೆ ಸಿಗುವ ಮನೆ’ಯೇ ಅಲ್ಲ, ಬಾಡಿಗೆದಾರನ ಮನೆ. ನಿಮ್ಮ ಕೇಸಿನಲ್ಲಿ ಆ ಹಂತಕ್ಕೆ ಹೋಗುವ ಪ್ರಶ್ನೆಯೇ ಇಲ್ಲ.

ಕೋಟೆ ಕೆಳಗೆ · ಸೆಪ್ಟೆಂಬರ್ 24

ಕೈಕಾಲು ತಣ್ಣಗಾಯಿತು. ಮನೆ ಇರುವುದು ಇಲ್ಲಿಯವರಿಗೆ ಹೇಗೆ ಗೊತ್ತಾಗುತ್ತದೆ?

ಲೆಕ್ಕದಮ್ಮ · ಸೆಪ್ಟೆಂಬರ್ 25

ಈ ಪ್ರಶ್ನೆ ಕೇಳಿದವರೆಲ್ಲ ಆಮೇಲೆ ನಮ್ಮ ಆಫೀಸಿಗೆ ಬಂದಿದ್ದಾರೆ. ಮನೆ ಗೊತ್ತಾಗುತ್ತೋ ಇಲ್ಲವೋ, ಬಾಡಿಗೆ ಬೀಳುವ ಬ್ಯಾಂಕ್ ಖಾತೆ ಗೊತ್ತಾಗುತ್ತದೆ. ಸಿಆರ್‌ಎಸ್ ಅಂತ ಒಂದು ವ್ಯವಸ್ಥೆ ಇದೆ. ದೇಶಗಳು ವರ್ಷವರ್ಷ ಬ್ಯಾಂಕ್ ಖಾತೆಗಳ ಮಾಹಿತಿ ಹಂಚಿಕೊಳ್ಳುತ್ತವೆ. ನೀವು ‘ಯುಎಇ’ ಅಂತ ಬರೆದ ಫಾರಂ ಅದಕ್ಕೇ. ಅದನ್ನು ತಿದ್ದಿಸಿ, ಭಾರತ ಮತ್ತು ಪ್ಯಾನ್ ನಂಬರ್ ಬರೆಯಿರಿ. 2024ರ ನವೆಂಬರ್‌ನಲ್ಲಿ ಇಲಾಖೆ ಹೀಗೆ ಮಾಹಿತಿ ಬಂದವರಿಗೆ ಎಸ್‌ಎಂಎಸ್, ಇಮೇಲ್ ಕಳಿಸಿ ‘ಸರಿ ಮಾಡಿಕೊಳ್ಳಿ’ ಎಂದಿತ್ತು.

ರಿಟರ್ನ್‌ನಲ್ಲಿ ಶೆಡ್ಯೂಲ್ ಎಫ್‌ಎ ಅಂತ ಇದೆ. ಹೊರದೇಶದ ಮನೆ, ಖಾತೆ ಎಲ್ಲ ಅಲ್ಲಿ ತೋರಿಸಬೇಕು. ಬಾಡಿಗೆ ಬಂದರೂ ಬರದಿದ್ದರೂ. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ದಂಡ ಹಾಕಬಹುದು. 2024ರ ಅಕ್ಟೋಬರ್‌ನಿಂದ 20 ಲಕ್ಷದವರೆಗಿನ ಆಸ್ತಿಗೆ ಈ ದಂಡದಿಂದ ವಿನಾಯಿತಿ ಕೊಟ್ಟಿದ್ದಾರೆ, ನಿಜ. ಆದರೆ ಅದು ಮನೆ, ಜಮೀನಿಗೆ ಅನ್ವಯಿಸಲ್ಲ. ವಾಟ್ಸಾಪ್‌ನಲ್ಲಿ ಓಡಾಡುವ ಮೆಸೇಜ್ ಈ ಎರಡನೇ ಸಾಲನ್ನು ಹೇಳುವುದೇ ಇಲ್ಲ.

ಈ ವರ್ಷದ ರಿಟರ್ನ್ ತಿದ್ದಲು ಡಿಸೆಂಬರ್ 31ರವರೆಗೆ ಸಮಯ ಇದೆ. ಹಿಂದಿನ ವರ್ಷಗಳಿಗೆ ಅಪ್‌ಡೇಟೆಡ್ ರಿಟರ್ನ್ ದಾರಿ ಇದೆ, ಜಾಸ್ತಿ ಕಟ್ಟಬೇಕು. ಒಬ್ಬ ಆಡಿಟರ್ ಎದುರು ಕೂತು ಮಾಡಿಸಿ. ನಿಮ್ಮ ಏಜೆಂಟ್ ಹತ್ತಿರ ಬೇಡ.

ನೀವು ಕಳಿಸಿದ ದುಡ್ಡಿನ ಮೇಲೆ ಬ್ಯಾಂಕ್ ಟಿಸಿಎಸ್ (ಮುಂಗಡವಾಗಿ ಹಿಡಿಯುವ ತೆರಿಗೆ) ಹಿಡಿದಿರಬೇಕು, 20%. ಅದನ್ನು ರಿಟರ್ನ್‌ನಲ್ಲಿ ಲೆಕ್ಕಕ್ಕೆ ಹಿಡಿದಿದ್ದೀರಾ ನೋಡಿ. ಅದು ನಿಮ್ಮದೇ ದುಡ್ಡು.

ತೋಟದ ದಾರಿ · ಸೆಪ್ಟೆಂಬರ್ 26

ಚನ್ನಗಿರಿ ಕಡೆಯವನು. ತಮ್ಮ ದುಬೈನಲ್ಲಿ ಕೆಲಸ ಮಾಡುತ್ತಾನೆ, ನಿಜವಾದ ಎನ್‌ಆರ್‌ಐ. ಬಂದು ಹೋಗುವಾಗ 120 ದಿನದ ನಿಯಮ ಅಂತ ಹೆದರಿಕೊಳ್ಳುತ್ತಾನೆ. ಇಲ್ಲಿ 15 ಲಕ್ಷ ಮೀರಿದ ಆದಾಯ ಇದ್ದವರಿಗೆ 182ರ ಬದಲು 120 ಅಂತೆ. ಅವನ ಪಾಲಿಗೆ ಅಡಿಕೆ ತೋಟ ಇದೆ. ಕಳೆದ ಸಲ ಒಳ್ಳೆ ರೇಟು. ಅಡಿಕೆ ದುಡ್ಡು ಆ 15 ಲಕ್ಷದಲ್ಲಿ ಸೇರುತ್ತದಾ?

ಲೆಕ್ಕದಮ್ಮ · ಸೆಪ್ಟೆಂಬರ್ 26

ಒಳ್ಳೆ ಪ್ರಶ್ನೆ. ಕೃಷಿ ಆದಾಯ ತೆರಿಗೆಯ ಒಟ್ಟು ಆದಾಯದಲ್ಲೇ ಬರುವುದಿಲ್ಲ. ಹಾಗಾಗಿ 15 ಲಕ್ಷದ ಲೆಕ್ಕಕ್ಕೂ ಬರಲ್ಲ. ಆದರೆ ಅಡಿಕೆ ಮಾರಿದ ದುಡ್ಡನ್ನು ಎಫ್‌ಡಿ ಇಟ್ಟು ಬಂದ ಬಡ್ಡಿ ಸೇರುತ್ತದೆ. ದಾವಣಗೆರೆಯಲ್ಲಿ ಅಂಗಡಿ ಬಾಡಿಗೆ ಇದ್ದರೆ ಅದೂ ಸೇರುತ್ತದೆ. ಅವನು ಎಣಿಸಬೇಕಾದದ್ದು ಅದನ್ನು.

ವಿದ್ಯಾನಗರ ವಾಸಿ · ಅಕ್ಟೋಬರ್ 4

ನನ್ನ ಕಥೆಗೆ ವಾಪಸ್ ಬರುತ್ತೇನೆ. ಸೆಪ್ಟೆಂಬರ್ 16ಕ್ಕೆ ರಿಟರ್ನ್ ಹಾಕಿದ್ದೆ, ಶೆಡ್ಯೂಲ್ ಎಫ್‌ಎಯಲ್ಲಿ ಫ್ಲ್ಯಾಟ್, ಅಲ್ಲಿಯ ಖಾತೆ ಎಲ್ಲ ತೋರಿಸಿದ್ದೆ. ಈಗ 10ಎಫ್‌ಎ ತುಂಬಿದೆ. ‘ಯಾವ ಆಧಾರದ ಮೇಲೆ ರೆಸಿಡೆಂಟ್’ ಎಂಬ ಕಾಲಂ ನೋಡಿ ಅರ್ಧ ಗಂಟೆ ಸುಮ್ಮನೆ ಕೂತೆ. ಕೊನೆಗೆ ‘ಭಾರತದಲ್ಲಿ ಇದ್ದ ದಿನಗಳು, ಪಟ್ಟಿ ಲಗತ್ತಿಸಿದೆ’ ಅಂತ ಬರೆದೆ.

ಪಟ್ಟಿ ಮಾಡಲು ಕೂತಾಗ ಗೊತ್ತಾಯಿತು, ನನ್ನ ಹಳೇ ಪಾಸ್‌ಪೋರ್ಟ್ ಎಲ್ಲೋ ಇಟ್ಟಿದ್ದೇನೆ. ಮೂರು ದಿನ ಹುಡುಕಿ, ಮನೆಯವರ ಹಳೇ ರೇಷ್ಮೆ ಸೀರೆಗಳ ಕೆಳಗೆ ಸಿಕ್ಕಿತು. ಒಂದು ಸೀಲು ಮಾಸಿ ಓದಲು ಬರುತ್ತಿಲ್ಲ. ಆ ಸಲದ ವಿಮಾನದ ಟಿಕೆಟ್ ಮೇಲ್‌ನಲ್ಲಿ ಇತ್ತು, ಅದನ್ನು ಪ್ರಿಂಟ್ ಹಾಕಿದೆ.

ಫೋನ್‌ಪೇ ಹಿಸ್ಟರಿ ಇಡೀ ತೆಗೆದೆ. ದಿನಾ ಬೆಳಿಗ್ಗೆ ಆರೂವರೆಗೆ ಹಾಲಿನವನಿಗೆ. ಇದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು ಅಂದುಕೊಂಡೆ. ಆಮೇಲೆ ನೋಡಿದರೆ ಜೂನ್‌ನಲ್ಲೂ ಹಾಲಿನವನಿಗೆ ದುಡ್ಡು ಹೋಗಿದೆ! ನಾವು ಸ್ಕಾರ್ಬರೋದಲ್ಲಿದ್ದಾಗ ಅತ್ತೆಗೆ ಹಾಲು ಹಾಕಿಸಿದ್ದು, ಅಲ್ಲಿಂದಲೇ ಕಳಿಸಿದ್ದೆ. ಅದನ್ನು ಪಟ್ಟಿಯಿಂದ ತೆಗೆದುಹಾಕಿದೆ.

ಹೊಳೆದಂಡೆ · ಅಕ್ಟೋಬರ್ 4

ಒಳ್ಳೆ ಕೆಲಸ ಮಾಡಿದಿರಿ. ಫೋನ್ ಎಲ್ಲಿದ್ದರೂ ದುಡ್ಡು ಕಳಿಸುತ್ತದೆ. ಸಾಕ್ಷಿ ಅಂದರೆ ನೀವೇ ಖುದ್ದು ಇರಬೇಕಾದದ್ದು. ಆಸ್ಪತ್ರೆ ಚೀಟಿ, ಬ್ಯಾಂಕ್ ಕೌಂಟರ್‌ನಲ್ಲಿ ಸಹಿ ಹಾಕಿದ್ದು, ರಿಜಿಸ್ಟ್ರಾರ್ ಕಚೇರಿಗೆ ಹೋದದ್ದು.

ಅಲ್ಲಿಯ ಕೌನ್ಸಿಲ್ ಟ್ಯಾಕ್ಸ್ ಬಿಲ್ಲೂ ಇಡಿ. ಇಂಗ್ಲೆಂಡಿನಲ್ಲಿ ಈ ಏಪ್ರಿಲ್‌ನಿಂದ ಎರಡನೇ ಮನೆಗೆ ದುಪ್ಪಟ್ಟು ವಸೂಲಿ ಮಾಡಲು ಸ್ಥಳೀಯ ಆಡಳಿತಗಳಿಗೆ ಅವಕಾಶ ಕೊಟ್ಟಿದ್ದಾರೆ. ಬಿಲ್ಲಿನಲ್ಲಿ ‘ಎರಡನೇ ಮನೆ’ ಅಂತ ಇದ್ದರೆ ಹೊಟ್ಟೆ ಉರಿಯುತ್ತದೆ, ಆದರೆ ನಿಮ್ಮ ವಾದಕ್ಕೆ ಅದೇ ಬಲ. ಅವರೇ ಒಪ್ಪಿಕೊಂಡಂತೆ ಅಲ್ವಾ, ಇದು ಇವರ ಮುಖ್ಯ ಮನೆಯಲ್ಲ ಅಂತ.

ವಿದ್ಯಾನಗರ ವಾಸಿ · ಅಕ್ಟೋಬರ್ 5

ದುಪ್ಪಟ್ಟು ಬಿಲ್ಲು ಬಂದಿದೆ. ಬೈದುಕೊಂಡು ಕಟ್ಟಿದ್ದೆ. ಈಗ ಫೈಲಿಗೆ ಹಾಕಿದೆ.

ಮಂಡಕ್ಕಿ ಮಾಸ್ತರ್ · ಅಕ್ಟೋಬರ್ 5

ಒಂದು ಅನುಮಾನ. ವಾಪಸ್ ಬಂದ ಮೇಲೆ ಹೊರಗಿನ ಮನೆ ಇಟ್ಟುಕೊಳ್ಳಲು ರಿಸರ್ವ್ ಬ್ಯಾಂಕ್ ಬಿಡುತ್ತದಾ?

ಲೆಕ್ಕದಮ್ಮ · ಅಕ್ಟೋಬರ್ 5

ಬಿಡುತ್ತದೆ. ಅಲ್ಲಿ ವಾಸ ಇದ್ದಾಗ ತಗೊಂಡ ಆಸ್ತಿಯನ್ನು ಇಟ್ಟುಕೊಳ್ಳಬಹುದು, ವಿದೇಶಿ ವಿನಿಮಯದ ಕಾಯ್ದೆ ಫೆಮಾದ ಸೆಕ್ಷನ್ 6(4). ಇಲ್ಲಿಂದ ದುಡ್ಡು ಕಳಿಸಿ ತಗೊಳ್ಳುವವರಿಗೆ ವರ್ಷಕ್ಕೆ ತಲೆಗೆ 2,50,000 ಡಾಲರ್ ಮಿತಿ.

ವಿದ್ಯಾನಗರದವರೇ, ನಿಮಗೆ ಹಳ್ಳಿಯಲ್ಲೂ ಮನೆ ಇದೆಯಾ? ಸ್ವಂತಕ್ಕೆ ಅಂತ ಎರಡು ಮನೆಗೆ ಮಾತ್ರ ಬಾಡಿಗೆ ಮೌಲ್ಯ ಸೊನ್ನೆ. ದಾವಣಗೆರೆಯದು ಒಂದು, ಸ್ಕಾರ್ಬರೋ ಇನ್ನೊಂದು. ಮೂರನೆಯದು ಖಾಲಿ ಇದ್ದರೂ ಬಾಡಿಗೆ ಬಂದಂತೆ ಲೆಕ್ಕ ಹಾಕಬೇಕು.

ವಿದ್ಯಾನಗರ ವಾಸಿ · ಅಕ್ಟೋಬರ್ 5

ಅಪ್ಪನ ಮನೆ ತಮ್ಮನ ಪಾಲಿಗೆ ಹೋಗಿದೆ. ಆಗ ಬೇಜಾರಾಗಿತ್ತು.

ಕೋಟೆ ಕೆಳಗೆ · ನವೆಂಬರ್ 11

ಬ್ಯಾಂಕಿನ ಫಾರಂ ತಿದ್ದಿಸಿದೆ. ರಿಟರ್ನ್ ರಿವೈಸ್ ಮಾಡಿದೆ, ಬಾಡಿಗೆಗೆ ತೆರಿಗೆ ಬಡ್ಡಿ ಸಮೇತ ಕಟ್ಟಿದೆ. ಹಿಂದಿನ ವರ್ಷದ್ದು ಆಡಿಟರ್ ಮಾಡುತ್ತಿದ್ದಾರೆ. ಏಳು ಸುತ್ತಿನ ಕೋಟೆಯಲ್ಲಿ ಎರಡು ಸುತ್ತು ದಾಟಿದೆ ಅನ್ನಿ. ಗೋಲ್ಡನ್ ವೀಸಾ ಕಾರ್ಡು ಪರ್ಸಿನಿಂದ ತೆಗೆದು ಬೀರುವಿನಲ್ಲಿ ಇಟ್ಟಿದ್ದೇನೆ.

ವಿದ್ಯಾನಗರ ವಾಸಿ · ಡಿಸೆಂಬರ್ 8

ಸರ್ಟಿಫಿಕೇಟ್ ಬಂತು. ಒಂದೇ ಪುಟ. ಹೆಸರು, ಪ್ಯಾನ್, ವಿಳಾಸ, 2024-25ರ ಅವಧಿಗೆ ಭಾರತದ ರೆಸಿಡೆಂಟ್ ಅಂತ ಒಂದು ಸಾಲು, ಸಹಿ, ಸೀಲು. ನಡುವೆ ಒಮ್ಮೆ ಕರೆಸಿ ಪಾಸ್‌ಪೋರ್ಟ್ ಮೂಲ ಪ್ರತಿ ನೋಡಿದರು, ಮಾಸಿದ ಸೀಲಿನ ಬಗ್ಗೆ ಕೇಳಿದರು. ಟಿಕೆಟ್ ತೋರಿಸಿದೆ. ಅಷ್ಟೇ.

ಅದನ್ನು ಒಪ್ಪಂದದ ವಿನಾಯಿತಿ ಅರ್ಜಿ ಜೊತೆ ಅಲ್ಲಿಗೆ ಕಳಿಸಿದೆ. ಭಾರತ–ಬ್ರಿಟನ್ ಒಪ್ಪಂದದಲ್ಲಿ ಇಂಥ ಖಾಸಗಿ ಪಿಂಚಣಿಗೆ ವಾಸದ ದೇಶದಲ್ಲಿ ಮಾತ್ರ ತೆರಿಗೆ ಅಂತ ಇದೆ. ಉತ್ತರ ಬಂತು: ‘ಕಳಿಸಿದ್ದಕ್ಕೆ ಧನ್ಯವಾದ. 2025-26ಕ್ಕೂ ಒಂದು ಬೇಕಾಗುತ್ತದೆ.’

ಲೆಕ್ಕದಮ್ಮ · ಡಿಸೆಂಬರ್ 8

ಗೊತ್ತಿತ್ತು, ಹೇಳಿದರೆ ಆಗಲೇ ಕೈಚೆಲ್ಲುತ್ತೀರಿ ಅಂತ ಸುಮ್ಮನಿದ್ದೆ. ಸರ್ಟಿಫಿಕೇಟ್ ಒಂದೊಂದು ವರ್ಷಕ್ಕೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುತ್ತದೆ. ದಿನಗಳ ಲೆಕ್ಕ ಹಾಗೇ ಇದೆ. ಆದರೆ ಅರ್ಜಿ ತುಂಬುವ ಮೊದಲು ಫಾರಂ ನಂಬರ್ ಒಮ್ಮೆ ನೋಡಿಕೊಳ್ಳಿ. ಪಟ್ಟಿಯನ್ನು ಮಾತ್ರ ಈಗಲೇ ಶುರು ಮಾಡಿ.

ವಿದ್ಯಾನಗರ ವಾಸಿ · ಡಿಸೆಂಬರ್ 9

ಶುರು ಮಾಡಿದೆ. ಹಾಲಿನವನ ಕ್ಯಾಲೆಂಡರ್ ಪಕ್ಕದಲ್ಲೇ ಇನ್ನೊಂದು ಕ್ಯಾಲೆಂಡರ್ ನೇತುಹಾಕಿದ್ದೇನೆ. ಇಲ್ಲಿದ್ದ ದಿನಕ್ಕೆ ನೀಲಿ ಪೆನ್ನು, ಅಲ್ಲಿಯ ರಾತ್ರಿಗೆ ಕೆಂಪು. ಜುಲೈ 24ರ ಚೌಕಕ್ಕೆ ಏನು ಹಾಕಲಿ ಅಂತ ಮನೆಯವರು ಕೇಳಿದರು. ಖಾಲಿ ಬಿಟ್ಟಿದ್ದೇನೆ.